ದೊನ್ನೆಯಲ್ಲಿ ಒಂದು ಜಿರ್ಕಾನ್

ಮೊದಲನೇ ಜಿರ್ಕಾನ್ ಕಾಳು ಹಾರಿಹೋಗಿದ್ದು ನನ್ನ ಉಸಿರಿಗೇ. ಸೂಜಿ ತುದಿಗೆ ಅಂಟಿಸಿಕೊಂಡು ಮೈಕ್ರೋಸ್ಕೋಪಿನ ಕೆಳಗೆ ತಂದಿದ್ದೆ. ಮಾಸ್ಕ್ ಮೂಗಿನಿಂದ ಜಾರಿತ್ತು. ಸುಮ್ನೆ ಒಂದು ಉಸಿರು ಬಿಟ್ಟೆ ಅಷ್ಟೇ, ಕಾಳು ಕಾಣೆ! ಕೂದಲೆಳೆಯಷ್ಟು ದಪ್ಪದ್ದನ್ನು ನೆಲದ ಮೇಲೆ ಹುಡುಕೋದುಂಟೇ?

ಕಲ್ಲು ರಾಮನಗರದ ಕಡೆಯ ಕ್ಲೋಸ್‌ಪೇಟೆ ಗ್ರಾನೈಟ್. ಊರಿಗೂ ಹಿಂದೆ ಅದೇ ಹೆಸರಿತ್ತು. ಊರು ಹೆಸರು ಬದಲಿಸಿಕೊಂಡಿತು, ಕಲ್ಲು ಬದಲಿಸಿಕೊಳ್ಳಲಿಲ್ಲ. ಅದರ ವಯಸ್ಸು ತಿಳಿಯಬೇಕಿತ್ತು. ಅದನ್ನು ಕುಟ್ಟಿ, ಜರಡಿ ಹಿಡಿದು, ಒಳಗಿನ ಪುಟ್ಟ ಖನಿಜವಾದ ಜಿರ್ಕಾನ್ ಹರಳು ಆರಿಸೋಕೆ ನನಗೆ ಎರಡು ವಾರ ಹಿಡಿದಿತ್ತು.

ಎರಡನೇ ಕಾಳನ್ನು ಉಸಿರು ಬಿಗಿಹಿಡಿದು ರೀನಿಯಂ ಲೋಹದ ಪಟ್ಟಿಯ ದೊನ್ನೆಗೆ ಹಾಕಿ ಮಡಚಿದೆ. ಅದರ ಎದುರಿಗೆ ಇನ್ನೊಂದು ಪಟ್ಟಿ. ರಾತ್ರಿಯಿಡೀ ಪಂಪು ಗಾಳಿ ಎಳೆಯಿತು. ಬೆಳಿಗ್ಗೆ ಕರೆಂಟ್ ಏರಿಸಿದೆ. ದೊನ್ನೆ ಕೆಂಪಾಗಿ, ಆಮೇಲೆ ಹಳದಿಯಾಯಿತು. 1400 ಡಿಗ್ರಿ ದಾಟಿದರೆ ಹರಳಿನೊಳಗಿನ ಸೀಸ ಆವಿಯಾಗಿ ಎದುರಿನ ಪಟ್ಟಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಆ ಪಟ್ಟಿಯನ್ನೇ ಕಾಯಿಸಿದರೆ ಸೀಸದ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು, ಹೊರಡುತ್ತವೆ. ಆಯಸ್ಕಾಂತ ಅವನ್ನು ತೂಕದ ಪ್ರಕಾರ ಬೇರೆಬೇರೆ ದಾರಿಗೆ ಬಾಗಿಸುತ್ತದೆ. 206 ತೂಕದ ಸೀಸ ಒಂದು ಕಡೆ, 207ರದ್ದು ಇನ್ನೊಂದು ಕಡೆ.

ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರಕ್ಕೇ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಒಳಗಿರುವ ಸೀಸ ಬಹುಪಾಲು ಯುರೇನಿಯಂನಿಂದಲೇ ಆದದ್ದು. ಯುರೇನಿಯಂ 235 ಸುಮಾರು 70 ಕೋಟಿ ವರ್ಷಕ್ಕೆ ಅರ್ಧವಾಗಿ 207 ಕೊಡುತ್ತದೆ. 238 ಅರ್ಧವಾಗಲು 447 ಕೋಟಿ ವರ್ಷ, ಅದು ಕೊಡುವುದು 206. ಎರಡರ ವೇಗ ಬೇರೆ ಆದ್ದರಿಂದ 207ನ್ನು 206ರಿಂದ ಭಾಗಿಸಿದ ಅನುಪಾತ ನೋಡಿ ವಯಸ್ಸು ಹೇಳಬಹುದು.

ಮೊದಲ ಓದು 0.158. ಅಂದರೆ 243 ಕೋಟಿ ವರ್ಷ. ಅಂದುಕೊಂಡಿದ್ದಕ್ಕಿಂತ ಕಮ್ಮಿ ಆಯ್ತಲ್ಲ! ಮುಖ ಸಣ್ಣಗಾಯಿತು.

"ಏನೂ ಆಗಿಲ್ಲ ಕಣೋ. ಮೊದಲ ದೋಸೆ ಅದು, ಯಾರಿಗೂ ಬಡಿಸಲ್ಲ" ಅಂದರು ಪಕ್ಕದ ಮೇಜಿನ ಅಕ್ಕ. ಬಿರುಕು ಬಿಟ್ಟ, ಹಾಳಾದ ಭಾಗದ ಸೀಸವೇ ಮೊದಲು ಹೊರಬರೋದು. ಅಲ್ಲಿ ಹಳೇ ಸೀಸ ಯಾವಾಗಲೋ ಸೋರಿಹೋಗಿರುತ್ತದೆ. ಗಟ್ಟಿ ಭಾಗದ್ದು ಬೇಕು ಅಂದರೆ ಇನ್ನೂ ಕಾಯಿಸಬೇಕು, ಕಾಯಬೇಕು.

ಕಾವನ್ನು ಇನ್ನೊಂದು ಮೆಟ್ಟಿಲು ಏರಿಸಿದೆ. 0.163. ಮತ್ತೊಂದು. 0.165. ಅದರ ಮುಂದಿನದೂ 0.165! ಹತ್ತಿರಹತ್ತಿರ 251 ಕೋಟಿ ವರ್ಷ. ಆ ಹೊತ್ತಿಗೆ ಕ್ಯಾಂಟೀನ್ ಮುಚ್ಚಿತ್ತು.

ಮಾರನೇ ದಿನ ದೊನ್ನೆ ಬಿಡಿಸಿದೆ. ಗಾಜಿನ ಹಾಗೆ ಹೊಳೆಯುತ್ತಿದ್ದ ಕಾಳು ಸುಣ್ಣದ ಚೂರಿನ ಹಾಗೆ ಬೆಳ್ಳಗಾಗಿತ್ತು. ಈ ಸಲ ಮಾಸ್ಕ್ ಸರಿಯಾಗಿತ್ತು. ಆದರೂ ಉಸಿರು ಬಿಗಿಹಿಡಿದೇ ನೋಡಿದೆ.