ಮೊದಲು ನಮ್ಮ ಅಂಗಳದ ಮಾತು ಆಗಲಿ

ಅಕ್ಕನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮನೆ ಹತ್ತಿರದ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಊರಿನ ಎಲ್ಲ ಮತದವರೂ ಕೂತು ವರ್ಣಭೇದದ ಬಗ್ಗೆ ಮಾತಾಡುವ ಒಂದು ಸಂಜೆ ಇತ್ತು. ಕಪ್ಪು ಜನರ ಚರ್ಚಿನವರು, ಮಸೀದಿಯವರು, ಇವಳ ಹಾಗೆ ಕೇಳುವ ಆಸೆಯಿಂದ ಹೋದವರು, ಎಲ್ಲ ಇದ್ದರಂತೆ. ವೇದಿಕೆ ಇರಲಿಲ್ಲ. ಆರೇಳು ಜನರ ಗುಂಪು ಮಾಡಿ ಕೂರಿಸಿದರು. ಒಬ್ಬರು ಮಾತಾಡುವಾಗ ಉಳಿದವರು ನಡುವೆ ಬಾಯಿ ಹಾಕುವಂತಿಲ್ಲ.

ಅವಳ ಗುಂಪಿನಲ್ಲಿ ಅದೇ ಸಿನಗಾಗ್‌ನ ಒಬ್ಬ ಹೆಂಗಸು ಇದ್ದರು, ಕಪ್ಪು ಬಣ್ಣದ ಯಹೂದಿ. "ನಾನು ಪ್ರತಿ ವಾರ ಇಲ್ಲಿಗೆ ಬರ್ತೇನೆ. ಆದರೂ ಗೇಟಿನಲ್ಲಿ ಕಾವಲಿನವ ನನ್ನ ಚೀಲ ಮಾತ್ರ ತೆಗೆಸಿ ನೋಡ್ತಾನೆ" ಎಂದರಂತೆ. ಆ ಕಾವಲಿಗೂ ಕಾರಣ ಇದೆ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಸಿನಗಾಗ್‌ಗೆ ಒಬ್ಬ ಬಂದೂಕು ಹಿಡಿದು ನುಗ್ಗಿ 11 ಜನರನ್ನು ಕೊಂದಿದ್ದ. ಆ ಭಯ ಇನ್ನೂ ಹೋಗಿಲ್ಲ, ಹೋಗುವುದು ಸುಲಭವೂ ಅಲ್ಲ. ಆದರೆ ಹಾಗೆ ಹೆದರಿದವರ ಬಾಗಿಲಲ್ಲೇ ಅವರದೇ ಒಬ್ಬರಿಗೆ ಅವಮಾನ ಆಗುತ್ತಿತ್ತು. ಅಲ್ಲಿನ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಸಮಜಾಯಿಷಿ ಕೊಡಲು ಹೋಗಲಿಲ್ಲವಂತೆ, ಎಲ್ಲರ ಎದುರು ತಪ್ಪು ಒಪ್ಪಿಕೊಂಡರಂತೆ. ಫೋನಿನಲ್ಲಿ ಇದನ್ನು ಕೇಳಿದಾಗಿನಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ.

ಯಾಕೆಂದರೆ ವರ್ಣಭೇದದ ವಿರುದ್ಧ ತಮ್ಮವರು ಮಾಡಿದ್ದನ್ನು ಹೇಳಿಕೊಳ್ಳಲು ಆ ಯಹೂದಿಗಳಿಗೆ ಬೇಕಾದಷ್ಟು ಇತ್ತು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಕಪ್ಪು ಜನರ ಹಕ್ಕಿಗಾಗಿ ಸೇರಿದ ಸಭೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡುವ ಸ್ವಲ್ಪ ಮೊದಲು ರಬ್ಬಿ ಯೋಆಖಿಮ್ ಪ್ರಿನ್ಜ್ ಮಾತಾಡಿದ್ದರು. ಹಿಟ್ಲರನ ಕಾಲದಲ್ಲಿ ಬರ್ಲಿನ್‌ನಲ್ಲಿ ರಬ್ಬಿಯಾಗಿದ್ದವರು ಅವರು. ದ್ವೇಷಕ್ಕಿಂತಲೂ ನಾಚಿಕೆಗೇಡಿನದು ಸುಮ್ಮನೆ ನೋಡುತ್ತಾ ಇರುವುದು ಎಂಬುದು ಅವರು ಅಲ್ಲಿ ಕಲಿತ ಪಾಠ. 1965ರಲ್ಲಿ ಸೆಲ್ಮಾದಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಕಿಂಗ್ ಅವರ ಜೊತೆ ಮುಂದಿನ ಸಾಲಿನಲ್ಲೇ ರಬ್ಬಿ ಹೆಶೆಲ್ ನಡೆದಿದ್ದರು. ಇಷ್ಟೆಲ್ಲ ಇದ್ದೂ ಆ ಸಂಜೆ ಮಾತು ಶುರುವಾದದ್ದು ತಮ್ಮ ಗೇಟಿನಿಂದ. ನನಗೆ ದೊಡ್ಡದು ಅನ್ನಿಸಿದ್ದು ಅದು.

ಇಂಥದ್ದು ನಮಗೆ ದೂರದ ವಿಷಯವೇನಲ್ಲ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ಇದೆ, ನಮ್ಮಲ್ಲಿ ಎಷ್ಟೋ ಜನ ನೋಡಿ ಬಂದಿದ್ದೀರಿ. ಚಂದದ ನೀಲಿ ಹೆಂಚಿನ ನೆಲ. ಹಿಂದೆ ಗುಲಾಮರಾಗಿದ್ದು ಬಿಡುಗಡೆ ಹೊಂದಿದವರ ಮಕ್ಕಳು ಮೊಮ್ಮಕ್ಕಳಿಗೆ ಅಲ್ಲಿ ಉಳಿದವರ ಸರಿಸಮ ಕೂರಲು ಬಿಡುತ್ತಿರಲಿಲ್ಲ. ದೇವರು ಒಂದೇ, ಪ್ರಾರ್ಥನೆ ಒಂದೇ. ಅದೇ ಕುಲದಲ್ಲಿ ಹುಟ್ಟಿದ ವಕೀಲ ಎ.ಬಿ. ಸಾಲೆಂ ಸಿನಗಾಗ್ ಒಳಗೇ ಸತ್ಯಾಗ್ರಹ ಹೂಡಿದರು. ಜನ ಅವರನ್ನು ಯಹೂದಿ ಗಾಂಧಿ ಎಂದೇ ಕರೆದರು.

ಈಗ ನಮ್ಮ ಕಾಸರಗೋಡಿಗೆ ಬರುತ್ತೇನೆ. ಸೌಹಾರ್ದಕ್ಕೆ ನಮ್ಮಲ್ಲಿ ಬರ ಇಲ್ಲ. ಮಂಜೇಶ್ವರದ ಉದ್ಯಾವರದಲ್ಲಿ ‘ಮಾಡ’ ಎಂಬ ದೈವಸ್ಥಾನದ ದೈವಪಾತ್ರಿಗಳು ಮಸೀದಿಗೇ ಹೋಗಿ ಉತ್ಸವಕ್ಕೆ ಕರೆದು ಬರುತ್ತಾರೆ. ಅದನ್ನು ಕಣ್ಣಾರೆ ಕಂಡವನಿಗೆ ಹೆಮ್ಮೆ ಆಗದೆ ಇರುವುದಿಲ್ಲ. ಆದರೆ ನಮ್ಮ ಸೌಹಾರ್ದ ಸಭೆಗಳಲ್ಲಿ ಭಟ್ರು, ಉಸ್ತಾದರು, ಫಾದರ್ ಒಬ್ಬರನ್ನೊಬ್ಬರು ಹೊಗಳುತ್ತಾರೆ, ಶಾಲು ಹೊದಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ನಾವು ಮುಟ್ಟದೆ ದೂರ ಇಟ್ಟ ಆದಿವಾಸಿ ಕೊರಗರ ಬಗ್ಗೆ ಯಾರೂ ಕೇಳುವುದಿಲ್ಲ.

ನಾನು ಸಣ್ಣವನಿದ್ದಾಗ ನಮ್ಮೂರ ಜಾತ್ರೆಗೆ ಡೋಲು ಬಡಿಯಲು ಬರುತ್ತಿದ್ದ ಕೊರಗರ ಅಜ್ಜ ಒಬ್ಬರಿದ್ದರು. ಮಧ್ಯಾಹ್ನದ ಬಿಸಿಲಲ್ಲಿ ಗದ್ದೆಯ ಬದುವಿನ ಮೇಲೆ ಕೂತು, ಡೋಲನ್ನು ಮಡಿಲಲ್ಲಿ ಇಟ್ಟುಕೊಂಡು, ಒಳಗಿನ ಪಂಕ್ತಿ ಎಲ್ಲ ಏಳುವವರೆಗೆ ಕಾಯುತ್ತಿದ್ದರು. ಆಮೇಲೆ ಅವರು ತಂದ ಬುಟ್ಟಿಗೆ ದೂರದಿಂದಲೇ ಅನ್ನ ಸುರಿಯುತ್ತಿದ್ದರು. ಬುಟ್ಟಿ ಅವರೇ ಹೆಣೆದದ್ದು. ಇದಕ್ಕಿಂತ ಕೆಟ್ಟದ್ದೂ ನಡೆದಿದೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ 2000ದಲ್ಲಿ ಕಾನೂನನ್ನೇ ತರಬೇಕಾಯಿತು. ನಾವು 1956ರಲ್ಲಿ ಕೇರಳಕ್ಕೆ ಸೇರಿದವರು, ಆ ಕಾನೂನು ಗಡಿಯ ತಲಪಾಡಿಯಿಂದ ಆಚೆಗೆ. ಆದರೆ ಕೊರಗರು ಗಡಿಯ ಎರಡೂ ಕಡೆ ಇದ್ದಾರೆ, ಅವರನ್ನು ಹೊರಗಿಟ್ಟವರೂ ಎರಡೂ ಕಡೆ ಇದ್ದೇವೆ.

ಹಾಗಾಗಿ ನಾವು ಕೆಲವರು ಸೇರಿ ನಮ್ಮೂರ ವಾಚನಾಲಯದಲ್ಲಿ ಇಂಥ ಒಂದು ಮಾತುಕತೆ ಮಾಡಬೇಕು ಎಂದಿದ್ದೇವೆ. ಶಾಲು ಬೇಡ, ಸ್ವಾಗತ ಭಾಷಣ ಬೇಡ. ಮಸೀದಿಯವರು, ಇಗರ್ಜಿಯವರು, ದೇವಸ್ಥಾನದವರು ಬಂದು ತಮ್ಮ ತಮ್ಮಲ್ಲಿ ಯಾರನ್ನು ದೂರ ಇಟ್ಟಿದ್ದೇವೆ ಎಂದು ಹೇಳಲಿ, ಇನ್ನೊಬ್ಬರ ಮನೆಯ ಸುದ್ದಿ ಬೇಡ. ಕೊರಗ ಕಾಲನಿಯ ಒಬ್ಬಳು ಹುಡುಗಿ, ಟೀಚರ್ ಟ್ರೈನಿಂಗ್ ಮುಗಿಸಿದವಳು, ಕೇಳಿದಳು: "ಮೊದಲು ನಾವು ಮಾತಾಡಬೇಕಾ, ನೀವಾ?" ನಾವೇ ಎಂದೆ. "ಹಾಗಾದ್ರೆ ಬರ್ತೇನೆ" ಎಂದಳು.

ಉಸ್ತಾದರು ಬರುತ್ತೇನೆ ಎಂದಿದ್ದಾರೆ, ಫಾದರ್ ಕೂಡ. ನಮ್ಮ ದೇವಸ್ಥಾನದ ಮೊಕ್ತೇಸರರು ಮಾತ್ರ "ಹಳೆಯದನ್ನೆಲ್ಲ ಯಾಕೆ ಮಾರಾಯ ಕೆದಕುವುದು" ಎಂದರು. ಡೋಲಿನ ಅಜ್ಜನ ಮಗ ಇಲ್ಲೇ ಇದ್ದಾರೆ ಅಣ್ಣ, ಅವರಿಗೆ ಇನ್ನೂ ಅರವತ್ತು ಆಗಿಲ್ಲ, ಅಪ್ಪನ ಪಕ್ಕದಲ್ಲಿ ಆ ಬದುವಿನ ಮೇಲೆ ಅವರೂ ಕೂತಿದ್ದರು, ಇದು ಹಳೆಯದು ಹೇಗಾಗುತ್ತದೆ ಎಂದು ಕೇಳಿದೆ. ಅವರು ಇನ್ನೂ ಒಪ್ಪಿಲ್ಲ. ಮುಂದಿನ ವಾರ ಮತ್ತೆ ಅವರ ಮನೆಗೆ ಹೋಗುತ್ತಿದ್ದೇವೆ.