ಕಾಗದದ ಕೆಳಗಿನ ಕೈಬರಹ

ಮಧ್ಯಾಹ್ನ ಊಟ ಮಾಡುತ್ತಾ ಮೊಬೈಲಿನಲ್ಲಿ ಹಳೆಯ ಕಾಗದವೊಂದರ ಚಿತ್ರ ನೋಡಿದೆ.

1945ರ ಆಗಸ್ಟ್ 10. ನಾಗಸಾಕಿ ಸುಟ್ಟ ಮರುದಿನ.
ಮುಂದಿನ ಬಾಂಬ್ 17 ಅಥವಾ 18ರ ನಂತರ, ಹವಾಮಾನ ನೋಡಿಕೊಂಡು ಹಾಕಬಹುದು ಎಂದು ಅಮೆರಿಕದ ಅಣುಬಾಂಬ್ ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ ವರದಿ. ಸಿಮೆಂಟ್ ಲಾರಿ ಕಳುಹಿಸುವ ಧಾಟಿ!

ಕೆಳಗೆ ಸೇನಾ ಮುಖ್ಯಸ್ಥ ಮಾರ್ಷಲ್ ಕೈಯಾರೆ ಬರೆದಿದ್ದಾರೆ: ಅಧ್ಯಕ್ಷರ ಸ್ಪಷ್ಟ ಅಪ್ಪಣೆಯಿಲ್ಲದೆ ಜಪಾನಿನ ಮೇಲೆ ಹಾಕುವಂತಿಲ್ಲ.

ಇನ್ನೂ ಒಂದು ಲಕ್ಷ ಜನರನ್ನು ಅಳಿಸುವುದು ಘೋರ ಎಂದು ಅಧ್ಯಕ್ಷ ಟ್ರೂಮನ್ ಅಂದೇ ಸಂಪುಟದಲ್ಲಿ ಹೇಳಿದ್ದರಂತೆ. ಎರಡು ಊರು ಹೋದ ಮೇಲೆ ಬಂದ ಬುದ್ಧಿ. ಸರಿ, ಬಂತಲ್ಲ.

ಅಂದು ಸೇನೆಯ ಕೈ ಕಟ್ಟಲು ಅಧಿಕಾರ ಒಬ್ಬರ ಬಳಿಗೆ ಬಂತು. ಅದು ಇಂದಿಗೂ ಅಲ್ಲಿಯೇ ಇದೆ. ಅಮೆರಿಕದ ಅಧ್ಯಕ್ಷರು ಹಾಕಿ ಎಂದರೆ ಸಾಕು, ಸಂಪುಟದ ಒಪ್ಪಿಗೆಯೂ ಬೇಕಿಲ್ಲ, ಸಂಸತ್ತಿನದೂ ಬೇಕಿಲ್ಲ.