ಧೂಳಿತ್ತು, ಒರೆಸಿದೆ

ಮಂಗಳವಾರ ಸಂಜೆ ಗಾಡಿಯನ್ನು ಪಶ್ಚಿಮಕ್ಕೆ ತಿರುಗಿಸಿದ್ದೇ ತಡ, ಎದುರಿಗಿದ್ದ ವಿಂಡ್‌ಶೀಲ್ಡ್ ಪೂರ್ತಿ ಬೆಳ್ಳಗಾಗಿಬಿಟ್ಟಿತು. ಮಂಜು ಅಂದುಕೊಂಡೆ, ಮಂಜಿನ ಕಾಲವಲ್ಲ. ಹತ್ತಿರದಿಂದ ನೋಡಿದರೆ ಗೀರುಗಳು. ಕೂದಲೆಳೆಯಷ್ಟು ಸಣ್ಣವು, ಸಾವಿರಾರು. ಎಲ್ಲವೂ ಕಮಾನಿನ ಆಕಾರದಲ್ಲಿ, ಒಂದರ ಮೇಲೊಂದು. ಇಳಿಬಿಸಿಲು ಬಿದ್ದು ಒಂದೊಂದೂ ಜರಿಯ ಎಳೆಯ ಹಾಗೆ ಹೊಳೆಯುತ್ತಿತ್ತು. ಚೆಂದವಾಗೇನೋ ಇತ್ತು, ಆದರೆ ದಾರಿ ಕಾಣುತ್ತಿರಲಿಲ್ಲ. ಕತ್ತು ಪಕ್ಕಕ್ಕೆ ಚಾಚಿಕೊಂಡು, ನಡೆಯುವ ವೇಗದಲ್ಲಿ ಮನೆ ಸೇರಿದೆ.

ಅಪ್ಪ ಪೇಪರ್ ಓದುತ್ತಿದ್ದರು. ಕೇಳಿದೆ. ತಲೆ ಎತ್ತದೆಯೇ ಹೇಳಿದರು, "ಧೂಳಿತ್ತು ಕಣೇ, ಒರೆಸಿದೆ."

"ಯಾವುದರಲ್ಲಿ?"

"ಹಳೇ ಬನಿಯನ್ ಇತ್ತಲ್ಲ, ಅದರಲ್ಲಿ. ಮೆತ್ತಗಿದೆ."

"ನೀರು ಹಾಕಿದ್ರಾ?"

"ನೀರು ಹಾಕಿದ್ರೆ ಕೆಸರಾಗಲ್ವಾ?"

"ಯಾರು ಹೇಳಿದ್ದು ನಿಮಗೆ ಒರೆಸೋಕೆ?" ಅಂದುಬಿಟ್ಟೆ. ಸ್ವಲ್ಪ ಜೋರಾಗಿಯೇ. ಅಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿ, ಟೀಪಾಯಿಯ ಮೇಲಿಟ್ಟು, ಒಳಗೆ ಹೋದರು.

ಅವತ್ತಿನಿಂದ ಆ ಮಾತು ನನ್ನ ಕಿವಿಯಲ್ಲಿ ಓಡುತ್ತಲೇ ಇದೆ. ಧೂಳಿತ್ತು, ಒರೆಸಿದೆ. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಧೂಳಿದ್ದದ್ದು ನಿಜ. ಧೂಳಿದ್ದರೆ ಒರೆಸುವುದು ಅಪ್ಪನ ಎಪ್ಪತ್ತೆರಡು ವರ್ಷದ ಅಭ್ಯಾಸ. ಟಿವಿ, ಕನ್ನಡಕ, ಕಿಟಕಿ, ನನ್ನ ಹಳೇ ಸ್ಕೂಟರಿನ ಕನ್ನಡಿ, ಎಲ್ಲವೂ ಆ ಕೈಯಲ್ಲಿ ಹೊಳೆದಿವೆ.

ನಾನು ಈ ವಿಂಡ್‌ಶೀಲ್ಡ್ ಆರಿಸಲು ಮೂರು ವಾರ ತೆಗೆದುಕೊಂಡಿದ್ದೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಕಾಲಂ ಮಾಡಿ, ಪರೀಕ್ಷೆಗೆ ಓದುವವಳ ಹಾಗೆ. ನಮ್ಮದು ಯುಟಿವಿ, ಅಂದರೆ ಕಚ್ಚಾ ದಾರಿಯಲ್ಲಿ ಓಡಿಸುವ ತೆರೆದ ಸಣ್ಣ ಗಾಡಿ. ಅದಕ್ಕೆ ಸಾಮಾನ್ಯವಾಗಿ ಸಿಗುವುದು ಮೂರು ವಸ್ತು: ಅಕ್ರಿಲಿಕ್, ಪಾಲಿಕಾರ್ಬೊನೇಟ್ ಅನ್ನುವ ಎರಡು ಪ್ಲಾಸ್ಟಿಕ್, ಮತ್ತೆ ಲ್ಯಾಮಿನೇಟೆಡ್ ಗಾಜು. ಗಾಜು ಗೀರಾಗುವುದು ಕಡಿಮೆ, ವೈಪರ್ ಹಾಕಬಹುದು, ಕಾರಿನಷ್ಟೇ ಸ್ಪಷ್ಟ. ಆದರೆ ಭಾರ. ಅಷ್ಟೇ ದಪ್ಪದ ಪ್ಲಾಸ್ಟಿಕ್ ಹಾಳೆ ಗಾಜಿನ ಅರ್ಧ ತೂಕವೂ ಇರುವುದಿಲ್ಲ. ಅಕ್ರಿಲಿಕ್ ಅಗ್ಗ, ಗೀರನ್ನೂ ಒಂದಿಷ್ಟು ತಡೆಯುತ್ತದೆ, ಆದರೆ ಕಲ್ಲು ಬಿದ್ದರೆ ಚೂರಾಗಬಹುದು. ಪಾಲಿಕಾರ್ಬೊನೇಟ್ ಒಡೆಯುವುದೇ ಕಷ್ಟ. ಗಾಜಿಗಿಂತ 250 ಪಟ್ಟು ಗಟ್ಟಿ ಅಂತ ಮಾರುವವರು ಹೇಳುತ್ತಾರೆ. ಹೊಡೆತ ತಾಳುವ ವಿಷಯದಲ್ಲಿ ಅಂತ ಸೇರಿಸಿ ಹೇಳಬೇಕಾದ್ದು, ಅದನ್ನು ಮಾತ್ರ ನುಂಗಿಬಿಡುತ್ತಾರೆ.

ನನ್ನ ತಮ್ಮನಿಗೆ ಆ 250 ತುಂಬಾ ಇಷ್ಟವಾಯಿತು. ಅವನ ಸ್ವಭಾವವೇ ಹಾಗೆ, ಯಾವುದನ್ನಾದರೂ ಹೊಡೆದು ನೋಡದೆ ನಂಬುವವನಲ್ಲ. ಎಲ್ಲಿಂದಲೋ ಅಂಗೈಯಗಲದ ಪಾಲಿಕಾರ್ಬೊನೇಟ್ ತುಂಡು ತಂದ. ಹಿತ್ತಲ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಒಂದು ಏಟು. ಸುತ್ತಿಗೆ ಪುಟಿದು ವಾಪಸ್ ಬಂತು. ತುಂಡಿನ ಮೇಲೆ ಒಂದು ಮಸುಕು ಚುಕ್ಕಿ, ಅಷ್ಟೇ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಪ್ಪನೂ ತಟ್ಟಿದರು. ಆ ಚಪ್ಪಾಳೆಯಲ್ಲೇ ತೀರ್ಮಾನ ಆಗಿಹೋಯಿತು.

ಆಮೇಲೆ ಸುತ್ತಿಗೆ ಹಿಡಿದು ಯಾರೂ ಬರಲಿಲ್ಲ. ಬಂದದ್ದು ಬನಿಯನ್.

ಬುಧವಾರ ಪಾಲಿಶ್ ತಂದು ಎರಡು ಗಂಟೆ ತಿಕ್ಕಿದೆ. ಸಣ್ಣ ಗೀರು ಕೆಲವು ಹೋದವು. ಆಳದವು ಹೋಗಲಿಲ್ಲ. ಜಾಸ್ತಿ ತಿಕ್ಕಿದ ಕಡೆ ಹಾಳೆಯೇ ಅಲೆಅಲೆಯಾಗಿ, ಆಚೆಗಿನ ಮರ ಕುಣಿಯುತ್ತಿರುವ ಹಾಗೆ ಕಂಡಿತು. ಇದು ಕೋಟಿಂಗ್ ಇಲ್ಲದ ಹಾಳೆ, ಹಾಗಾಗಿ ತಿಕ್ಕಲಾದರೂ ಆಯಿತು. ಹಾರ್ಡ್ ಕೋಟ್, ಅಂದರೆ ಗೀರು ತಡೆಯುವ ಗಟ್ಟಿ ಲೇಪ ಇರುವುದರಲ್ಲಿ ತಿಕ್ಕಿದರೆ ಕೋಟಿಂಗೇ ಎದ್ದು ಹೋಗುತ್ತದೆ. ಆದರೆ ಹಾರ್ಡ್ ಕೋಟ್ ಇದ್ದಿದ್ದರೆ ಈ ಪಾಟಿ ಗೀರು ಬೀಳುತ್ತಲೇ ಇರಲಿಲ್ಲ. ಬೇಡ ಅಂತ ದುಡ್ಡು ಉಳಿಸಿದ್ದು ನಾನೇ.

ತಮ್ಮ ಬಂದು, "ಪೆಟ್ರೋಲಲ್ಲಿ ಒಂದ್ಸಲ ಒರೆಸಿ ನೋಡಕ್ಕಾ" ಅಂದ. ಅವನನ್ನು ಆ ಕಡೆಗೇ ಬಿಡಲಿಲ್ಲ. ಪೆಟ್ರೋಲ್ ತಾಗಿದರೆ ಪಾಲಿಕಾರ್ಬೊನೇಟಿನಲ್ಲಿ ಜೇಡರಬಲೆಯಂಥ ಬಿರುಕು ಏಳುತ್ತದೆ. ಅಮೋನಿಯಾ ಇರುವ ಕಿಟಕಿ ಕ್ಲೀನರ್ ಕೂಡ ಆಗದು. ಕ್ಲ್ಯಾಂಪ್ ಬೋಲ್ಟುಗಳನ್ನು ತಿರುಪಿ ತಿರುಪಿ ಬಿಗಿ ಮಾಡಿದ್ದವನೂ ಅವನೇ. ಒಂದು ಮೀಟರ್ ಉದ್ದದ ಈ ಹಾಳೆ, ಬಿಸಿಲಿಗೆ 40 ಡಿಗ್ರಿ ಜಾಸ್ತಿ ಕಾದರೆ ಎರಡೂವರೆ ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಗಾಜು ಅರ್ಧ ಮಿಲಿಮೀಟರೂ ಹಿಗ್ಗುವುದಿಲ್ಲ. ಅದಕ್ಕೇ ತೂತು ದೊಡ್ಡದಿರಬೇಕು, ಮಧ್ಯೆ ರಬ್ಬರ್ ಇರಬೇಕು, ಬೋಲ್ಟು ಸ್ವಲ್ಪ ಸಡಿಲ ಇರಬೇಕು. ಹೇಳಿದರೆ, "ಬಿಗಿಯಾಗಿದ್ರೆ ಒಳ್ಳೇದಲ್ವಾ" ಅನ್ನುತ್ತಾನೆ. ಅವನ ಜೊತೆ ವಾದ ಮಾಡುವಷ್ಟು ಆಯಸ್ಸು ನನಗಿಲ್ಲ.

ಮಾರಿದವನ ಬಗ್ಗೆಯೂ ನನಗೆ ಸಿಟ್ಟಿದೆ. ಗಾಡಿಯ ಮಾಡೆಲ್ ಕೇಳಿದ, ವರ್ಷ ಕೇಳಿದ, ಗಾಡಿ ಮಗುಚಿದರೆ ಕಾಯುವ ಚೌಕಟ್ಟು, ಅದೇ ರೋಲ್ ಕೇಜಿನ ಪೈಪ್ ದುಂಡಗಿದೆಯಾ ಚಪ್ಪಟೆಯಾ ಅಂತಲೂ ಕೇಳಿದ. ಮನೆಯಲ್ಲಿ ಇದನ್ನು ಯಾರು ತೊಳೆಯುತ್ತಾರೆ ಅಂತ ಕೇಳಲಿಲ್ಲ. ಕೇಳಬೇಕಿತ್ತು ಅನ್ನುವುದು ಅತಿಯಾಯಿತೇನೋ. ನನ್ನ ನೋಟ್‌ಬುಕ್ಕಿನಲ್ಲೂ ಅದಕ್ಕೆ ಕಾಲಂ ಇರಲಿಲ್ಲ.

ಗುರುವಾರ ರಾತ್ರಿ ನಿದ್ದೆ ಬರದೆ ಧೂಳಿನ ಬಗ್ಗೆ ಓದುತ್ತಾ ಕೂತೆ. ದಾರಿಯ ಧೂಳಿನಲ್ಲಿ ಮರಳಿನ ಪುಡಿ ಇರುತ್ತದೆ, ಅಂದರೆ ಕ್ವಾರ್ಟ್ಜ್. ಅದು ಕಿಟಕಿ ಗಾಜಿಗಿಂತಲೂ ಗಟ್ಟಿ. ಬಟ್ಟೆ ಎಷ್ಟು ಮೆತ್ತಗಿದ್ದರೇನು, ಒಣಗಿದ ಧೂಳಿನ ಮೇಲೆ ಅದನ್ನಾಡಿಸಿದರೆ ಉಪ್ಪುಕಾಗದ ಆಡಿಸಿದ ಹಾಗೆಯೇ. ಓದುತ್ತಾ ಓದುತ್ತಾ ಚಂದ್ರನಿಗೇ ಹೋದೆ. 1972ರ ಡಿಸೆಂಬರಿನಲ್ಲಿ ಅಪೊಲೊ 17ರವರು ಅಲ್ಲಿ ಓಡಿಸಿದ ರೋವರ್ ಇದೆಯಲ್ಲ, ಅದೂ ಒಂಥರಾ ಆಫ್‌ರೋಡ್ ಗಾಡಿಯೇ. ವಿಂಡ್‌ಶೀಲ್ಡ್ ಇಲ್ಲ, ಗಾಳಿಯೇ ಇಲ್ಲದ ಕಡೆ ಅದ್ಯಾಕೆ. ಯೂಜೀನ್ ಸೆರ್ನನ್ ಅವರ ಸುತ್ತಿಗೆ ತಗಲಿ ಹಿಂದಿನ ಚಕ್ರದ ಮಡ್‌ಗಾರ್ಡ್ ಮುರಿದು, ಇಬ್ಬರ ಮೇಲೂ ಧೂಳಿನ ಮಳೆ. ಕೊನೆಗೆ ನಾಲ್ಕು ಮ್ಯಾಪುಗಳನ್ನು ಟೇಪಿನಲ್ಲಿ ಅಂಟಿಸಿ, ಕ್ಲ್ಯಾಂಪ್ ಹಾಕಿ, ಹೊಸ ಮಡ್‌ಗಾರ್ಡ್ ಮಾಡಿಕೊಂಡರು. ಜೊತೆಗಿದ್ದ ಹ್ಯಾರಿಸನ್ ಸ್ಮಿಟ್ ಅವರ ಹೆಲ್ಮೆಟ್ಟಿನ ಬಿಸಿಲು ಪರದೆಯಲ್ಲಿ ಗೀರು ಎಷ್ಟಾಗಿತ್ತೆಂದರೆ, ಕೆಲವು ದಿಕ್ಕಿನಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲವಂತೆ. ನನಗೆ ವಿಚಿತ್ರ ಸಮಾಧಾನವಾಯಿತು. ಚಂದ್ರನ ತನಕ ಹೋಗಿಬಂದವರಿಗೂ ಇದೇ ಗತಿ ಅಂದಮೇಲೆ ಅಪ್ಪನದೇನು.

ಟಾರ್ಚ್ ಹಿಡಿದು ಗಾಡಿಯ ಹತ್ತಿರ ಹೋದೆ, ಆ ಹೊತ್ತಲ್ಲಿ. ಯಾಕೆ ಅಂತ ಕೇಳಬೇಡಿ. ಬೆಳಕನ್ನು ಓರೆಯಾಗಿ ಹಿಡಿದಾಗ ಒಂದು ವಿಷಯ ಕಂಡಿತು. ಗೀರು ಜಾಸ್ತಿ ಇದ್ದದ್ದು ಒಳಮೈಯಲ್ಲಿ.

ಹೊರಗಿನ ಮೈಗೆ ನಾನು ಪ್ರತಿ ಸಲ ಬಂದ ಮೇಲೆ ಪೈಪಿನಲ್ಲಿ ನೀರು ಬಿಡುತ್ತಿದ್ದೆ. ಸೀಟು ನೆನೆಯುತ್ತದೆ ಅಂತ ಒಳಗೆ ಬಿಡುತ್ತಿರಲಿಲ್ಲ. ಹಾಗಾದರೆ ಒಳಗೆ ಅಷ್ಟು ಧೂಳು ಹೇಗೆ ಬಂತು? ಎದುರಿನಿಂದ ಬರುವ ಹಾಗೇ ಇಲ್ಲ, ಪೂರ್ತಿ ಮುಚ್ಚುವ ವಿಂಡ್‌ಶೀಲ್ಡನ್ನೇ ಆರಿಸಿದ್ದೆನಲ್ಲ. ಅರ್ಧದ್ದು ಬೇಡ, ಕಿಂಡಿ ಇರುವುದು ಬೇಡ, ಮೇಲೆತ್ತಿ ಮಡಚುವುದು ಬೇಡ, ಪೂರ್ತಿಯದೇ ಇರಲಿ ಅಂತ. ಅಲ್ಲೇ ಎಡವಟ್ಟಾದದ್ದು. ಮುಂದೆ ಪೂರ್ತಿ ಮುಚ್ಚಿ ಹಿಂದೆ ಬಯಲು ಬಿಟ್ಟರೆ, ಗಾಡಿ ಓಡುವಾಗ ಒಳಗಿನ ಒತ್ತಡ ಕಡಿಮೆಯಾಗುತ್ತದೆ. ಚಕ್ರ ಎಬ್ಬಿಸಿದ ಧೂಳನ್ನು ಗಾಡಿಯೇ ಹಿಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಕಿವಿ, ಕತ್ತು, ಕಾಲರ್, ಎಲ್ಲ ಕಡೆ ತುಂಬಿ, ಉಳಿದದ್ದು ವಿಂಡ್‌ಶೀಲ್ಡಿನ ಒಳಮೈಗೆ ಹೋಗಿ ಕೂರುತ್ತದೆ. ಕೆಳಗೆ ಒಂದೆರಡು ಕಿಂಡಿ ಇದ್ದಿದ್ದರೆ ಎದುರಿನ ಗಾಳಿ ಒಳಬಂದು ಅದನ್ನು ಹಿಂದಕ್ಕೆ ತಳ್ಳುತ್ತಿತ್ತು. ಅಥವಾ ಬೆನ್ನ ಹಿಂದೆಯೂ ಒಂದು ಹಾಳೆ ಹಾಕಬೇಕಿತ್ತು.

ಅಪ್ಪ ಹೇಳಿದ್ದರಲ್ಲಿ 'ಒರೆಸಿದೆ' ಅನ್ನುವುದನ್ನೇ ಹಿಡಿದುಕೊಂಡು ಎರಡು ದಿನ ಮುಖ ಊದಿಸಿಕೊಂಡಿದ್ದೆ. 'ಧೂಳಿತ್ತು' ಅನ್ನುವುದು ನನ್ನ ಲೆಕ್ಕಕ್ಕೆ ಬರಬೇಕಾದದ್ದು.

ಟಾರ್ಚ್ ಆರಿಸುವ ಮುಂಚೆ ಇನ್ನೊಂದು ಕಂಡಿತು. ಅಪ್ಪ ಕೂರುವ ಎಡಗಡೆ ಕಮಾನುಗಳು ಎಳೆಯಾಗಿ, ಬಿಡಿಬಿಡಿಯಾಗಿ ಇದ್ದವು. ನಾನು ಕೂರುವ ಕಡೆ ಒತ್ತಾಗಿದ್ದವು. ಸ್ಟಿಯರಿಂಗ್ ಎದುರಿಗೆ, ಸರಿಯಾಗಿ ನನ್ನ ಕಣ್ಣಿನ ಮಟ್ಟದಲ್ಲಿ, ಎರಡೆರಡು ಸಲ ಒತ್ತಿ ಒರೆಸಿದ್ದರು.

ಶುಕ್ರವಾರ ಬೆಳಿಗ್ಗೆ ನೋಟ್‌ಬುಕ್ ತೆಗೆದುಕೊಂಡು ಅಪ್ಪನ ಪಕ್ಕ ಕೂತೆ. ಕ್ಷಮೆ ಕೇಳುವುದೆಲ್ಲ ನಮ್ಮ ಮನೆಯಲ್ಲಿ ಅಭ್ಯಾಸವಿಲ್ಲ. "ಹೊಸದು ತರಬೇಕು ಅಪ್ಪಾ, ಎಂಥದ್ದು ಹಾಕೋಣ?" ಅಂದೆ.

"ನನ್ನ ಕೇಳ್ತಿದೀಯಾ?"

"ಹೂಂ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಿವಿಗೆ ಧೂಳು ತುಂಬದೇ ಇರೋ ಥರದ್ದು ಇದ್ರೆ ಹಾಕು" ಅಂದರು. "ವಿಂಡ್‌ಶೀಲ್ಡ್ ಹಾಕೋಕೆ ಮುಂಚೆ ಮುಖಕ್ಕೆ ಬರೋದು, ಕನ್ನಡಕ ತಡೀತಿತ್ತು. ಇದು ಬಂದಮೇಲೆ ಹಿಂದಿನಿಂದ ಬರತ್ತೆ."

12 ದಿನ ನನ್ನ ಪಕ್ಕದಲ್ಲೇ ಕೂತು ಓಡಾಡಿದ್ದಾರೆ. ಒಂದು ದಿನವೂ ಅಂದಿರಲಿಲ್ಲ. "ಮೊದಲೇ ಹೇಳಬಾರದಿತ್ತಾ?" ಅಂದೆ.

"ನೀನು ಕೇಳಲಿಲ್ಲವಲ್ಲ."

ಹಾರ್ಡ್ ಕೋಟ್ ಇರುವ ಪಾಲಿಕಾರ್ಬೊನೇಟ್, ಕೆಳಗೆ ಮುಚ್ಚಿ ತೆರೆಯುವ ಎರಡು ಕಿಂಡಿ, ಬೆನ್ನ ಹಿಂದೆ ಒಂದು ಹಾಳೆ. ಹತ್ತು ನಿಮಿಷದಲ್ಲಿ ಮುಗಿಯಿತು. ಗಾಜಿನದೇ ಹಾಕಿಸಿಬಿಡೋಣ, ಬನಿಯನ್ನಿಗೆ ಅದೇ ಸರಿ ಅಂತ ಒಮ್ಮೆ ಅನಿಸಿತು. ಆದರೆ ನಮ್ಮ ದಾರಿಯ ಕುಲುಕಾಟಕ್ಕೆ ಆ ಭಾರ ಬೇಡವೆನಿಸಿತು. ಹಾರ್ಡ್ ಕೋಟ್ ಇದ್ದರೂ ಮೊದಲು ನೀರು, ಆಮೇಲೆ ಬಟ್ಟೆ. ಇದನ್ನು ಅಪ್ಪನಿಗೆ ಹೇಗೆ ಹೇಳುವುದು ಅಂತ ಪದ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವರೇ, "ನೀರು ಹಾಕ್ಬೇಕಿತ್ತು ಅಲ್ವಾ?" ಅಂದರು. ಹೂಂ ಅಂದೆ.

ನಿನ್ನೆ ಬೆಳಿಗ್ಗೆ ಹಿತ್ತಲಲ್ಲಿ ನೀರಿನ ಸದ್ದು. ಬಿಚ್ಚಿಟ್ಟಿದ್ದ ಹಳೇ ವಿಂಡ್‌ಶೀಲ್ಡನ್ನು ಗೋಡೆಗೆ ಒರಗಿಸಿ ಅಪ್ಪ ಪೈಪ್ ಹಿಡಿದಿದ್ದರು. ಬಟ್ಟೆ ಇರಲಿಲ್ಲ. ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ನನ್ನನ್ನು ನೋಡಿ, "ಬಾರೇ ಇಲ್ಲಿ, ನೋಡು, ಗೀರೆಲ್ಲ ಹೋಯ್ತು" ಅಂದರು.

ನಿಜವಾಗಿಯೂ ಹೋಗಿತ್ತು. ನೀರು ಗೀರುಗಳೊಳಗೆ ತುಂಬಿಕೊಂಡು, ಹಾಳೆ ಹೊಸದರ ಹಾಗೆ, ಆಚೆಗಿನ ಗೋಡೆಯ ಪಾಚಿ ಕೂಡ ಕಾಣುವಷ್ಟು ತಿಳಿಯಾಗಿತ್ತು. ನಾನು ಏನೂ ಹೇಳಲಿಲ್ಲ. ಇಬ್ಬರೂ ನಿಂತು ನೋಡಿದೆವು. ಮೇಲಿನ ಅಂಚಿನಿಂದ ಒಣಗುತ್ತಾ ಬಂತು. ಮೊದಲು ಒಂದು ಕಮಾನು, ಅದರ ಕೆಳಗೆ ಇನ್ನೊಂದು. ಅಪ್ಪ ಪೈಪನ್ನು ಮತ್ತೆ ಮೇಲಕ್ಕೆ ಹಿಡಿದರು.